ನಡುವಿನ ಬೆಲೆಯ ಪ್ಲೇಯರ್

ಅಟ್ಟದಿಂದ ಇಳಿಸಿದ ಕಾಯಿಗಳಲ್ಲಿ ಯಾವುದು ಕೊಬ್ಬರಿಯಾಗಿದೆ, ಯಾವುದು ಆಗಿಲ್ಲ ಎಂಬುದನ್ನು ಶಿವರುದ್ರಮ್ಮ ಕಿವಿಯಿಂದ ಹೇಳುತ್ತಿದ್ದರು. ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುವುದು. ಒಳಗಿನ ಉಂಡೆ ಚಿಪ್ಪು ಬಿಟ್ಟು ಗಟಗಟ ಎಂದರೆ ಬಲಗಡೆಯ ರಾಶಿಗೆ. ತಳದಲ್ಲೆಲ್ಲೋ ಇನ್ನೂ ನೀರು ಉಳಿದಿದ್ದರೆ ಎಡಕ್ಕೆ, ಅದು ಮತ್ತೆ ಅಟ್ಟ ಹತ್ತಬೇಕು. ಸದ್ದು ಮಂಕಾಗಿದ್ದರೆ ಬೆನ್ನ ಹಿಂದಕ್ಕೆ, ಅದು ಕೊಳೆತದ್ದು. ಹೊರಗಿನಿಂದ ನೋಡಿದರೆ ಮೂರೂ ಒಂದೇ. ತಿಪಟೂರಿನ ಕಡೆ ಈ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಆದರೆ ಶಿವರುದ್ರಮ್ಮ ತಪ್ಪಿದ್ದನ್ನು ಆ ಮನೆಯಲ್ಲಿ ಚಿಪ್ಪು ಒಡೆಯುತ್ತಿದ್ದ ಹನುಮಕ್ಕ ಹದಿನೆಂಟು ವರ್ಷದಲ್ಲಿ ನಾಲ್ಕು ಸಲ ಕಂಡಿದ್ದಳು. ಆ ನಾಲ್ಕನ್ನೂ ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ನಾನು 1979ರಲ್ಲಿ ತಿಪಟೂರಿನ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದು, ಅವರ ಮನೆಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಶಿವರುದ್ರಮ್ಮನಿಗೆ ಆಗ ನಲವತ್ತೈದು. ಹುಟ್ಟಿದ್ದು ಕಂದಿಕೆರೆಯಲ್ಲಿ. ಎಸ್ಸೆಸ್ಸೆಲ್ಸಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದರು. ಫಲಿತಾಂಶ ಬಂದ ತಿಂಗಳೇ ಮದುವೆ ಮಾಡಿ ಕಳಿಸಿದರು. ಗಂಡ ವೀರಭದ್ರಯ್ಯನವರಿಗೆ ಬಿಳಿಗೆರೆಯಲ್ಲಿ ತೋಟ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮಂಡಿಯ ಅರ್ಧ ಕೆಲಸ ಅವರ ತಮ್ಮ ಸದಾಶಿವಯ್ಯನದು. ಅವನೂ ಅದೇ ಮನೆಯಲ್ಲಿದ್ದ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಿತ್ತು.

ಮನೆಯ ಮುಂದಿನ ಹಾಲಿನಲ್ಲಿ ಒಂದು ಸ್ಟೀರಿಯೋ ಇತ್ತು. 1973ರಲ್ಲಿ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದಾಗ ವೀರಭದ್ರಯ್ಯನವರು ಬೆಂಗಳೂರಿನಿಂದ ತಂದದ್ದು. ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಮರದ ಪೆಟ್ಟಿಗೆಗಳು, ತಾನಾಗಿ ಗ್ರಾಮಫೋನ್ ಪ್ಲೇಟು ಬದಲಾಯಿಸುವ ಚೇಂಜರ್. ಚೇಂಜರಿನ ನಡುವಿನ ಉದ್ದ ಕಡ್ಡಿಗೆ ಆರು ಪ್ಲೇಟು ಏರಿಸಿದರೆ ಸಾಕು. ಒಂದು ಮುಗಿದ ಕೂಡಲೇ ಮುಳ್ಳಿನ ತೋಳು ಪಕ್ಕಕ್ಕೆ ಸರಿಯುತ್ತಿತ್ತು, ಮೇಲಿನ ಪ್ಲೇಟು ಕೆಳಗಿನದರ ಮೇಲೆ ದಪ್ಪನೆ ಬೀಳುತ್ತಿತ್ತು, ತೋಳು ಮತ್ತೆ ಬಂದು ಕೂರುತ್ತಿತ್ತು. ಬಂದ ನೆಂಟರು ಆ ಬೀಳುವಿಕೆಗಾಗಿಯೇ ಕಾದು ಕೂರುತ್ತಿದ್ದರು. ವೀರಭದ್ರಯ್ಯನವರು ಹಾಡಿನ ಮಧ್ಯದಲ್ಲಿಯೇ, "ಈಗ ನೋಡಿ, ಈಗ ನೋಡಿ" ಎನ್ನುತ್ತಿದ್ದರು.

ಶಿವರುದ್ರಮ್ಮ ಕೇಳುತ್ತಿದ್ದುದು ಬೇರೆ ಹೊತ್ತಿನಲ್ಲಿ, ಬೆಳಗ್ಗೆ ಆರಕ್ಕೆ, ಹಾಲು ಕಾಯಿಸಿಟ್ಟು. ಗಂಡ ಸಗಟಾಗಿ ಕೊಂಡು ತಂದಿದ್ದ ಪ್ಲೇಟುಗಳ ಕಟ್ಟಿನಲ್ಲಿ ಗದಗಿನ ಕಡೆಯ ಒಬ್ಬ ವಯಸ್ಸಾದ ಗಾಯಕರದೊಂದು ಸೇರಿಕೊಂಡಿತ್ತು. ಒಂದು ಮಗ್ಗುಲು ಪೂರ್ತಿ ಭೈರವ ರಾಗ, ಇಪ್ಪತ್ತೆರಡು ನಿಮಿಷ. ಸಂಗೀತವನ್ನು ಅವರು ಕಲಿತವರಲ್ಲ. ಆದರೆ ಆ ಇಪ್ಪತ್ತೆರಡು ನಿಮಿಷದಲ್ಲಿ ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ತಂಬೂರಿಯ ಯಾವ ತಂತಿ ಕೊಂಚ ಇಳಿದಿದೆ ಎಂಬುದನ್ನು ಅವರು ನನಗೆ ತೋರಿಸಿಕೊಟ್ಟಿದ್ದರು. ನಾನು ಬೆಂಗಳೂರಿಗೆ ಹೋದಾಗ ಆ ಪ್ಲೇಟಿನ ಇನ್ನೊಂದು ಪ್ರತಿ ಹುಡುಕಿದೆ. ಗಾಯಕರು ತೀರಿಕೊಂಡಿದ್ದಾರೆ, ಕಂಪನಿ ಅದನ್ನು ಮತ್ತೆ ಒತ್ತುವುದಿಲ್ಲ ಎಂದರು.

1981ರ ನವೆಂಬರಿನಲ್ಲಿ ಒಂದು ದಿನ ಅವರು ಮಹಡಿ ಹತ್ತಿ ಬಂದು ಅಂಗೈ ಚಾಚಿದರು. ಅಂಗೈಯಲ್ಲಿ ಬೂದಿಯಂಥ ಪುಡಿ ಇತ್ತು.

"ಮುಳ್ಳಿನ ತುದೀಲಿತ್ತು ಮೇಡಮ್ನೋರೆ. ಧೂಳಾ ಇದು?"

ನಾನು ಲೆನ್ಸ್ ಹಿಡಿದು ಪ್ಲೇಟನ್ನು ನೋಡಿದೆ. ಗೆರೆಗಳ ಅಂಚುಗಳು ಹೊಳಪು ಕಳೆದುಕೊಂಡು ಬೆಳ್ಳಗಾಗಿದ್ದವು. ಮಾರನೆಯ ದಿನ ಲ್ಯಾಬಿನಿಂದ ಸಣ್ಣ ತಕ್ಕಡಿ ತಂದು ತೋಳಿನ ಭಾರ ಅಳೆದೆ. ಎಂಟು ಗ್ರಾಂ ಬಂತು. ಎರಡು ಸಾಕಿತ್ತು. ಅದು ಧೂಳಲ್ಲ, ಪ್ಲೇಟೇ ಪುಡಿಯಾಗಿ ಬರುತ್ತಿದೆ, ಹಾಕಿದಷ್ಟು ಸಲ ಇನ್ನಷ್ಟು ಹೋಗುತ್ತದೆ ಎಂದು ಹೇಳಿದೆ.

"ಹಂಗಾದ್ರೆ ನಾನು ಹಾಡು ಕೇಳ್ತಿರ್ಲಿಲ್ಲ, ಪ್ಲೇಟ್ನ ಅರೀತಿದ್ದೆ" ಎಂದರು ಶಿವರುದ್ರಮ್ಮ.

ಅಂದಿನಿಂದ ಅವರು ಆ ಪ್ಲೇಟನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟರು. ಹತ್ತು ತಿಂಗಳು ತೆಗೆಯಲಿಲ್ಲ. ಬೆಳಗ್ಗೆ ಆರಕ್ಕೆ ಕೆಳಗಿನ ಹಾಲಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಇಷ್ಟೆ: ಉಳಿದಿರುವ ಆ ಒಂದು ಪ್ಲೇಟನ್ನು ಸವೆಸದೆ ದಿನಾ ಕೇಳಬೇಕು. ಆಂಪ್ಲಿಫೈಯರಿನಲ್ಲೂ ಪೆಟ್ಟಿಗೆಗಳಲ್ಲೂ ದೋಷವಿರಲಿಲ್ಲ. ಬದಲಾಗಬೇಕಾದದ್ದು ಪ್ಲೇಟು ತಿರುಗಿಸುವ ಯಂತ್ರ ಒಂದೇ.

ನಾನು ಬೆಂಗಳೂರಿನಿಂದ ಬೆಲೆಪಟ್ಟಿ ತಂದುಕೊಟ್ಟೆ. ಒಂದೇ ಅಂಗಡಿಯಲ್ಲಿ ಮೂರು ಬಗೆಯವು. ಒಂಬೈನೂರರದೊಂದು, ಸಾವಿರದ ಆರುನೂರರದೊಂದು, ಮೂರು ಸಾವಿರದ ನಾನೂರರದೊಂದು. ಪಟ್ಟಿ ಇಂಗ್ಲಿಷಿನಲ್ಲಿತ್ತು. ಶಿವರುದ್ರಮ್ಮ ನನ್ನ ನಿಘಂಟು ಇಸಿದುಕೊಂಡು ಎಂಟು ದಿನ ಅದನ್ನು ಓದಿದರು. ಕಡಿಮೆ ಬೆಲೆಯದರ ತೋಳು ಹಳೆಯದರಷ್ಟೇ ಭಾರ. ನಡುವಿನದು ಮತ್ತು ದುಬಾರಿಯದು ಎರಡೂ ಎರಡು ಗ್ರಾಂಗೆ ಹೊಂದಿಸಬಹುದಾದವು. ದುಬಾರಿಯದರಲ್ಲಿ ತೋಳು ತಾನಾಗಿ ಏಳುತ್ತದೆ, ತಾನಾಗಿ ಕೂರುತ್ತದೆ, ಅಂಚಿನಲ್ಲಿ ಕೆಂಪು ದೀಪ ಉರಿಯುತ್ತದೆ. ನಡುವಿನದರಲ್ಲಿ ಅದೇನೂ ಇಲ್ಲ. ಪ್ಲೇಟು ಇಡಬೇಕು, ತೋಳನ್ನು ಕೈಯಿಂದ ಎತ್ತಿ ಬಿಡಬೇಕು, ಮುಗಿದಾಗ ಎದ್ದು ಹೋಗಿ ತೆಗೆಯಬೇಕು.

ವಿಷಯ ಊಟದ ಹೊತ್ತಿನಲ್ಲಿ ಹೊರಬಿತ್ತು. ಆ ದಿನ ನನಗೂ ಅಲ್ಲೇ ಊಟ.

"ಅತ್ತಿಗೆ, ಪ್ಲೇಟಿನ ಕಾಲ ಹೋಯ್ತು ಕಣ್ರೀ" ಎಂದ ಸದಾಶಿವಯ್ಯ. "ಟೇಪ್ ರೆಕಾರ್ಡರ್ ತಗಳ್ಳಿ. ಆ ನಿಮ್ಮ ಗದಗಿನ ತಾತನ ಹಾಡ ಕ್ಯಾಸೆಟ್ಟಿಗೆ ಇಳಿಸ್ಕೊಂಡ್ರೆ ಪ್ಲೇಟೂ ಉಳೀತದೆ, ನೀವೂ ಕೇಳ್ಬೋದು."

ಇದು ತಪ್ಪು ಸಲಹೆಯೇನಲ್ಲ. ಶಿವರುದ್ರಮ್ಮ ಅದನ್ನೂ ನೋಡಿದ್ದರು. ಪರಿಚಯದವರ ಟೇಪ್ ರೆಕಾರ್ಡರ್ ತಂದು, ಅದರಲ್ಲಿ ಬೇರೊಂದು ಪ್ಲೇಟನ್ನು ಇಳಿಸಿಕೊಂಡು ಮೂರು ದಿನ ಕೇಳಿದ್ದರು.

"ಕೇಳ್ದೆ ಕಣಪ್ಪ. ಪಕ್ಕದ ಮನೇಲಿ ಹಾಡ್ದಂಗೈತೆ. ನಂಗೆ ನಮ್ಮನೇಲಿ ಹಾಡ್ಬೇಕು."

"ಅದು ಸರಿ, ತಗೊಳ್ಳಾಣ" ಎಂದರು ವೀರಭದ್ರಯ್ಯನವರು. ಅವರು ಜಿಪುಣರಲ್ಲ. "ತಗೊಂಡ್ರೆ ಆ ಮೂರು ಸಾವಿರದ್ದೇ ತಗೊಳ್ಳಾಣ. ಕೆಂಪು ದೀಪದ್ದು."

"ಬ್ಯಾಡ. ನಡುವಿಂದು."

ವೀರಭದ್ರಯ್ಯನವರು ತುತ್ತು ಕೆಳಗಿಟ್ಟರು. "ಯಾಕೆ? ಇಲ್ಲಾಂದ್ರೆ ಇಲ್ಲ ಅನ್ಬೋದು. ಇದ್ರೆ ದೊಡ್ಡದು ತರ್ಬೋದು. ನಡುವಿಂದು ಅಂದ್ರೇನೇ? ಆಸೆ ಐತೆ, ಕೈಲಾಗಲ್ಲ ಅಂತ ಡಂಗೂರ ಸಾರ್ದಂಗೆ. ಮಂಡೀಲಿ ನಂಗೆ ಮಾನ ಇರಲ್ಲ."

"ನಿಮ್ಮ ಮಾನ ಮಂಡೀಲಿರ್ಲಿ. ಮಿಷಿನ್ ಮನೇಲಿರ್ತದೆ. ಕಂದಿಕೆರೆ ತೋಟದಲ್ಲಿ ನಮ್ಮಪ್ಪ ನಂಗೆ ಬುಟ್ಟಿರೋ ಮರ ನಲವತ್ತವೆ. ಈ ಸಲದ ಕಾಯಿ ಅದಕ್ಕೆ."

"ನಿನ್ ದುಡ್ಡು ಯಾರ್ ಕೇಳಿದ್ರು? ನಾನೇ ಕೊಡ್ತೀನಿ ಅಂತಿದೀನಿ, ಅದೂ ಡಬ್ಬಲ್ಲು!"

"ಅದಕ್ಕೇ ಬ್ಯಾಡ ಅಂತಿರೋದು. ನೀವು ಕೊಟ್ರೆ ನೀವು ಆರಿಸ್ತೀರಾ."

ಸದಾಶಿವಯ್ಯ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಮೇಡಂ, ಫಿಸಿಕ್ಸ್‌ನಲ್ಲಿ ಯಾವ್ದು ಒಳ್ಳೇದು?" ಎಂದ. ಕೇಳದೆ ಹೇಳಲಾಗದು ಎಂದೆ. ಆ ಉತ್ತರ ಶಿವರುದ್ರಮ್ಮನಿಗೆ ಮಾತ್ರ ಹಿಡಿಸಿತು.

1982ರ ಸೆಪ್ಟೆಂಬರ್ ಕೊನೆಯಲ್ಲಿ ಗಂಡ, ಹೆಂಡತಿ, ನಾನು ಮೂವರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ವೀರಭದ್ರಯ್ಯನವರು ಬಂದದ್ದು ಕೊನೇ ಗಳಿಗೆಯಲ್ಲಿ ಹೆಂಡತಿಯ ಮನಸ್ಸು ಬದಲಾಯಿಸಬಹುದೆಂದು. ಅಂಗಡಿಯಲ್ಲಿ ಟೈ ಕಟ್ಟಿದ ಮಾರಾಟದವನೊಬ್ಬ ಅವರ ಅಂಗಿಯ ಚಿನ್ನದ ಗುಂಡಿ ನೋಡಿ ಅವರ ಜೊತೆಯಲ್ಲೇ ಮಾತಾಡಿದ. ದುಬಾರಿಯದನ್ನು ಚಾಲೂ ಮಾಡಿ ಒಂದು ಸಿನಿಮಾ ಹಾಡನ್ನು ಜೋರಾಗಿ ಹಾಕಿದ. ಕೆಂಪು ದೀಪ ಹತ್ತಿತು. ತೋಳು ತಾನಾಗಿ ಎದ್ದು ಹೋಗಿ ಕೂತಿತು. ವೀರಭದ್ರಯ್ಯನವರು ಹೆಂಡತಿಯ ಮುಖ ನೋಡಿದರು.

ಶಿವರುದ್ರಮ್ಮ ಚೀಲದಿಂದ ತಮ್ಮದೊಂದು ಪ್ಲೇಟು ತೆಗೆದರು. ಭೈರವದ್ದಲ್ಲ, ಸವೆದರೂ ಚಿಂತೆಯಿಲ್ಲದ ಬೇರೆಯದು.

"ಇದ ಹಾಕಿ. ಹಾಡು ಬೇಡ. ಎರಡು ಹಾಡಿನ ಮಧ್ಯೆ ಸುಮ್ನೆ ಖಾಲಿ ಗೆರೆ ಇರ್ತದಲ್ಲ, ಅಲ್ಲಿ ಮುಳ್ಳಿಡಿ."

"ಅಲ್ಲಿ ಏನೂ ಕೇಳಿಸೋದಿಲ್ಲ ಅಮ್ಮ."

"ಅದೇ ಕಣಪ್ಪ, ಏನೂ ಕೇಳಿಸ್ಬಾರ್ದು. ಕೇಳಿಸ್ತದಾ ಅಂತ ನೋಡಣ. ಸೌಂಡು ಪೂರ್ತಿ ಜಾಸ್ತಿ ಮಾಡಿ."

ಅವನು ನಕ್ಕು, ಹಾಗೇ ಮಾಡಿದ. ದುಬಾರಿಯದರಲ್ಲಿ ಖಾಲಿ ಗೆರೆಯ ಕೆಳಗೆ ಗುರ್ ಎಂಬ ಒಂದು ಸದ್ದಿತ್ತು. ಹೇಳುವವರೆಗೂ ನನಗೆ ಅದು ಕೇಳಿಸಿರಲಿಲ್ಲ, ಹೇಳಿದ ಮೇಲೆ ಅದೊಂದೇ ಕೇಳಿಸಿತು. ತೋಳನ್ನು ಏಳಿಸಿ ಕೂರಿಸುವ ಹಲ್ಲುಚಕ್ರಗಳು, ಅವುಗಳನ್ನು ತಿರುಗಿಸುವ ಬಲವಾದ ಮೋಟಾರು, ಇವುಗಳ ಕಂಪನ ಮುಳ್ಳಿನವರೆಗೂ ಬರುತ್ತಿತ್ತು. ಕಡಿಮೆ ಬೆಲೆಯದರಲ್ಲಿ ಆ ಸದ್ದು ಇನ್ನೂ ಜೋರು. ನಡುವಿನದರಲ್ಲಿ ಮೋಟಾರು ದೂರದ ಮೂಲೆಯಲ್ಲಿತ್ತು. ಒಂದು ರಬ್ಬರ್ ಬೆಲ್ಟು ಪ್ಲೇಟು ಕೂರುವ ತಟ್ಟೆಯನ್ನು ಎಳೆಯುತ್ತಿತ್ತು. ಅದರಲ್ಲಿ ಮುಳ್ಳು ಉಜ್ಜುವ ಸಣ್ಣ ಸರಸರ ಬಿಟ್ಟರೆ ಏನೂ ಇರಲಿಲ್ಲ.

"ಇದೆಲ್ಲ ಮನಸ್ಸಿನ ಭ್ರಮೆ ಅಮ್ಮ" ಎಂದ ಅವನು.

ಶಿವರುದ್ರಮ್ಮ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. "ಹಂಗಾದ್ರೆ ನಿಂಗೆ ಬೇಕಾದ್ದು ಹಾಕು. ಯಾವ್ದು ಅಂತ ನಾನು ಹೇಳ್ತೀನಿ."

ಅವನು ಏಳು ಸಲ ಅದಲು ಬದಲು ಮಾಡಿ ಹಾಕಿದ. ಒಂದೊಂದಕ್ಕೂ ಎರಡು ಕ್ಷಣವಾಗುವಷ್ಟರಲ್ಲಿ ಗೋಡೆಯ ಕಡೆಯಿಂದ "ದೊಡ್ಡದು", "ನಡುವಿಂದು", "ಸಣ್ಣದು", "ಮತ್ತೆ ದೊಡ್ಡದೇ, ಮೋಸ ಮಾಡ್ಬೇಡ" ಎಂದು ಉತ್ತರ ಬಂತು. ಏಳೂ ಸರಿ. ಕ್ಯಾಷ್ ಮೇಜಿನವನೂ ಎದ್ದು ಬಂದು ನಿಂತಿದ್ದ.

"ಕಾಯಿ ಅಲ್ಲಾಡ್ಸಿದ್ರೆ ಹೊರಗಿನ ಬಣ್ಣ ನೋಡ್ತೀವಾ?" ಎಂದು ಅವರು ಗಂಡನಿಗೆ ಹೇಳಿದರು.

"ಅದು ಕಾಯಿ ಕಣೇ. ಇದು ಹಾಲಲ್ಲಿಡೋ ಸಾಮಾನು. ಜನ ಬತ್ತಾರೆ."

"ಬಂದೋರು ಕೇಳಕ್ಕೆ ಬತ್ತಾರಾ, ನೋಡಕ್ಕೆ ಬತ್ತಾರಾ? ನೋಡಕ್ಕೆ ಬರೋರಿಗೆ ಗೋಡೆಗೊಂದು ಕೆಂಪು ಬಲ್ಬು ಹಾಕ್ಸಿ."

ವೀರಭದ್ರಯ್ಯನವರ ಮುಖ ಕಪ್ಪಿಟ್ಟಿತು. ಅಂಗಡಿಯವನು ಅದನ್ನು ಗಮನಿಸಿ, ರಸೀದಿಯ ಜೊತೆಗೆ ಒಂದು ಚೀಟಿಯನ್ನು ಅವರ ಕೈಗೆ ಕೊಟ್ಟ. ಮೂರು ತಿಂಗಳ ಒಳಗೆ ಬೇಡವೆನಿಸಿದರೆ ಇದನ್ನು ವಾಪಸ್ ಕೊಟ್ಟು, ವ್ಯತ್ಯಾಸದ ಹಣ ಸೇರಿಸಿ ದೊಡ್ಡದನ್ನು ಒಯ್ಯಬಹುದು. ಒಂದು ಕಾಗದ ಬರೆದರೆ ಸಾಕು, ಅವರೇ ಲಾರಿಯಲ್ಲಿ ಕಳಿಸುತ್ತಾರೆ. ವೀರಭದ್ರಯ್ಯನವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಮರುದಿನ ನಾನು ಲ್ಯಾಬಿನ ತಕ್ಕಡಿ ತಂದು ತೋಳನ್ನು ಎರಡು ಗ್ರಾಂಗೆ ಹೊಂದಿಸಿಕೊಟ್ಟೆ. ಅದರ ಮಾರನೆಯ ಬೆಳಗ್ಗೆ, ಹತ್ತು ತಿಂಗಳ ಮೇಲೆ, ಕೆಳಗಿನಿಂದ ಭೈರವ ಕೇಳಿಸಿತು. ಅಕ್ಟೋಬರ್, ನವೆಂಬರ್ ಪೂರ್ತಿ ದಿನಾ ಕೇಳಿಸಿತು. ನಾನು ಆಗಾಗ ಲೆನ್ಸ್ ಹಿಡಿದು ನೋಡುತ್ತಿದ್ದೆ. ಮುಳ್ಳಿನ ತುದಿಯಲ್ಲಿ ಪುಡಿ ಇರಲಿಲ್ಲ.

ಊರಿನವರು ಮಾತ್ರ ವೀರಭದ್ರಯ್ಯನವರು ಹೆದರಿದ ಹಾಗೆಯೇ ನಡೆದುಕೊಂಡರು. ಪಕ್ಕದ ಮಂಡಿಯ ಹುಚ್ಚರಂಗಯ್ಯ ಹೊಸ ಮಿಷಿನ್ ನೋಡಲು ಬಂದ. ಪ್ಲೇಟಿನ ಮಗ್ಗುಲು ಮುಗಿದು, ವೀರಭದ್ರಯ್ಯನವರು ಎದ್ದು ಹೋಗಿ ತೋಳು ತೆಗೆದರು.

"ಏನ್ ವೀರಭದ್ರಣ್ಣ, ಮಿಷಿನ್ ತಂದಿದೀಯೋ, ಮಿಷಿನ್ಗೆ ಆಳಾಗಿದೀಯೋ?" ಎಂದ ಹುಚ್ಚರಂಗಯ್ಯ. "ಹಳೇದೇ ಎಷ್ಟೋ ವಾಸಿಯಿತ್ತಲ್ಲ. ದಪ್ ಅಂತ ಬೀಳೋದು!"

ಆ ಮಾತು ಮಂಡಿಯಲ್ಲಿ ಒಂದು ವಾರ ಓಡಾಡಿತು.

ಡಿಸೆಂಬರ್ ಮೊದಲ ವಾರ ಚಳಿ ಬಿತ್ತು. ಒಂದು ಬೆಳಗ್ಗೆ ಕೆಳಗಿನಿಂದ ಬಂದ ದನಿ ನನಗೆ ವಿಚಿತ್ರವೆನಿಸಿತು. ಗಾಯಕರ ಕಂಠ ಭಾರವಾಗಿತ್ತು, ತಂಬೂರಿ ನಿದ್ದೆಯಲ್ಲಿ ಮೀಟಿದಂತಿತ್ತು. ಇಳಿದು ಹೋದೆ. ಶಿವರುದ್ರಮ್ಮ ಮಿಷಿನ್ನಿನ ಮುಂದೆ ನಿಂತು ತಟ್ಟೆಯನ್ನೇ ನೋಡುತ್ತಿದ್ದರು. ತಟ್ಟೆ ನಿಧಾನವಾಗಿ ತಿರುಗುತ್ತಿತ್ತು. ವೀರಭದ್ರಯ್ಯನವರು ಶಾಲು ಹೊದ್ದು ಬಾಗಿಲಿಗೆ ಬಂದರು.

"ಏನು, ನಿಮ್ಮ ಹಾಡುಗಾರರಿಗೆ ಶೀತ ಆಗೈತಾ? ಕಷಾಯ ಮಾಡ್ಕೊಡು."

ಸದಾಶಿವಯ್ಯ ಆಗಲೇ ಕೈಗಡಿಯಾರ ಬಿಚ್ಚಿದ್ದ. ಪ್ಲೇಟಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ ಬಗ್ಗಿ ಕೂತ. ಕಾಯಿ ಎಣಿಸುವವರ ರೂಢಿಯಂತೆ ಒಂದು ಎನ್ನದೆ, "ಲಾಭ, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸಿದ. ನಿಮಿಷಕ್ಕೆ ಮೂವತ್ತಮೂರು ಸುತ್ತು ಆಗಬೇಕಾದದ್ದು ಇಪ್ಪತ್ತೊಂಬತ್ತಕ್ಕೆ ನಿಂತಿತು.

"ನಾಲ್ಕು ಕಮ್ಮಿ, ಅತ್ತಿಗೆ."

"ನಡುವಿಂದಕ್ಕೆ ನಡುವಿನ ಆಯಸ್ಸು" ಎಂದರು ವೀರಭದ್ರಯ್ಯನವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೋಷವಿತ್ತು. ಅವತ್ತೇ ಮಂಡಿಯ ಕಾಗದದ ಮೇಲೆ ಅಂಗಡಿಗೆ ಪತ್ರ ಬರೆದರು: ಮಾಲು ತೃಪ್ತಿಕರವಾಗಿಲ್ಲ, ವಾಪಸ್ ತೆಗೆದುಕೊಂಡು ಮೂರು ಸಾವಿರದ ನಾನೂರರದನ್ನು ಕಳಿಸತಕ್ಕದ್ದು. ಬರೆದು ಹೆಂಡತಿಗೆ ಓದಿ ಹೇಳಿದರು. "ಸೋಮವಾರದ ಟಪಾಲಿಗೆ ಹಾಕ್ತೀನಿ. ಅಷ್ಟರೊಳಗೆ ನಿನ್ ಮಿಷಿನ್ ನೆಟ್ಟಗಾದ್ರೆ ನೋಡಣ."

ಆ ದಿನ ಗುರುವಾರ.

ಶಿವರುದ್ರಮ್ಮ ಅದೇ ದಿನ ಮಧ್ಯಾಹ್ನ ಒಂದಕ್ಕೆ ಪ್ಲೇಟು ಹಾಕಿದರು. ದನಿ ಸರಿಯಾಗಿತ್ತು. ಶುಕ್ರವಾರ ಬೆಳಗ್ಗೆ ಮತ್ತೆ ಭಾರ, ಮಧ್ಯಾಹ್ನ ಮತ್ತೆ ಸರಿ. ಸಂಜೆ ನನ್ನ ಕೋಣೆಗೆ ಬಂದರು.

"ಮೇಡಮ್ನೋರೆ, ಕೆಟ್ಟಿದ್ರೆ ಮಧ್ಯಾಹ್ನಾನೂ ಕೆಟ್ಟಿರ್ಬೇಕಲ್ವಾ? ಬೆಳಗ್ಗೆ ಮಾತ್ರ ಯಾಕೆ?"

ವೋಲ್ಟೇಜು ಎಂದೆ ನಾನು. ಬೆಳಗ್ಗೆ ತೋಟಗಳಲ್ಲಿ ಪಂಪ್‌ಸೆಟ್ ಓಡುತ್ತವೆ, ಕರೆಂಟು ಕುಗ್ಗುತ್ತದೆ, ಮೋಟಾರು ನಿಧಾನವಾಗುತ್ತದೆ. ಐದು ನಿಮಿಷ ವಿವರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಬಲ್ಬು ಮಂಕಾಗಿರ್ಲಿಲ್ಲ" ಎಂದರು.

ನನ್ನ ವಿವರಣೆ ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಗ್ಗೆ ಏಳೂವರೆಗೆ ಹಿತ್ತಲಿನಲ್ಲಿ ಹನುಮಕ್ಕ ಕೆಲಸ ಶುರು ಮಾಡುವ ಮುನ್ನ ತಲೆಗೆ ಹಚ್ಚಿಕೊಳ್ಳಲು ಎಣ್ಣೆಯ ಸೀಸೆಯನ್ನು ಬಿಸಿಲು ಬಿದ್ದಿದ್ದ ಗೋಡೆಯ ಮೇಲೆ ಇಟ್ಟು ಕಾದು ಕೂತಿದ್ದಳು. ಕೊಬ್ಬರಿ ಎಣ್ಣೆ ತುಪ್ಪದಂತೆ ಬೆಳ್ಳಗೆ ಕಟ್ಟಿತ್ತು. ಆ ಊರಿನಲ್ಲಿ ಡಿಸೆಂಬರಿನ ಪ್ರತಿ ಬೆಳಗ್ಗೆ ಪ್ರತಿ ಗೋಡೆಯ ಮೇಲೂ ಅಂಥ ಒಂದು ಸೀಸೆ ಇರುತ್ತದೆ. ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಶಿವರುದ್ರಮ್ಮ ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆ ಸೀಸೆಯನ್ನು ಓರೆ ಮಾಡಿ ನೋಡಿದರು. ಆಮೇಲೆ ಕಾಯಿ ಕೆಳಗಿಟ್ಟು ಹಾಲಿಗೆ ಬಂದು, ಮಿಷಿನ್ನಿನ ರಬ್ಬರ್ ಹಾಸು ತೆಗೆದು, ಎರಡು ಕೈಯಿಂದ ತಟ್ಟೆಯನ್ನು ಮೇಲಕ್ಕೆತ್ತಿದರು. ತಟ್ಟೆಯ ನಡುವಿನ ಕಂಬಿಯ ಸುತ್ತ, ಅದು ಕೂರುವ ಗುಳಿಯ ತುಂಬ, ಬೆಳ್ಳಗೆ ಕಟ್ಟಿದ ಕೊಬ್ಬರಿ ಎಣ್ಣೆ.

ಆಯುಧಪೂಜೆಯ ದಿನ ಆ ಮನೆಯಲ್ಲಿ ತಿರುಗುವ, ಕೊಯ್ಯುವ, ತೂಗುವ ಯಾವುದೂ ಎಣ್ಣೆ ಕಾಣದೆ ಇರುತ್ತಿರಲಿಲ್ಲ. ಮಂಡಿಯ ತಕ್ಕಡಿ, ಕುಡುಗೋಲು, ಮಚ್ಚು, ಹೊಲಿಗೆ ಯಂತ್ರ, ಸ್ಕೂಟರಿನ ಚಕ್ರ, ಬಾವಿಯ ರಾಟೆ ಎಲ್ಲಕ್ಕೂ ಮನೆಯ ಗಾಣದ ಎಣ್ಣೆ, ಕುಂಕುಮ, ಹೂವು. ಹಳೆಯ ಚೇಂಜರಿನ ತಟ್ಟೆ ಎತ್ತಲು ಬರುತ್ತಿರಲಿಲ್ಲ, ಅದಕ್ಕೆ ಕುಂಕುಮ ಮಾತ್ರ. ಹೊಸದರ ತಟ್ಟೆ ಸಲೀಸಾಗಿ ಮೇಲೆ ಬಂದಿತ್ತು. ಹಾಗಾಗಿ ಆ ವರ್ಷ ಅದಕ್ಕೂ ಒಂದು ಸಣ್ಣ ಸೌಟು ಎಣ್ಣೆ ಬಿದ್ದಿತ್ತು. ಬಿಟ್ಟವರು ಶಿವರುದ್ರಮ್ಮನೇ.

ಅವರು ಆಗಲೇ ಅದನ್ನು ಒರೆಸಿ, ತಟ್ಟೆ ಕೂರಿಸಿ, ಭಾನುವಾರ ಬೆಳಗ್ಗೆ ಎಲ್ಲರನ್ನೂ ಕರೆದು ಸರಿಯಾದ ಮಿಷಿನ್ ತೋರಿಸಬಹುದಿತ್ತು. ಹನುಮಕ್ಕ ಹಾಗೇ ಹೇಳಿದಳು: "ಒರ್ಸಾಕಿ ಸುಮ್ನಾಗಿ ಅಮ್ಮಾರೆ, ಯಾರ್ ನೋಡ್ತಾರೆ?" ಅವರು ಒರೆಸಲಿಲ್ಲ. ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಗಂಡನನ್ನೂ ಮೈದುನನನ್ನೂ ಕರೆದರು. ಮಹಡಿಯಿಂದ ನನ್ನನ್ನೂ ಕರೆಸಿದರು.

"ನೋಡಿ. ಎಣ್ಣೆ ಕಟ್ಕಂಡೈತೆ. ಬಿಸ್ಲೇರಿದ ಮೇಲೆ ಕರಗ್ತದೆ, ಆಗ ಸರಿಯಾಗಿ ತಿರುಗ್ತದೆ. ಆಯುಧಪೂಜೆ ದಿವ್ಸ ನಾನೇ ಬುಟ್ಟಿದ್ದು."

ವೀರಭದ್ರಯ್ಯನವರು ಬಗ್ಗಿ ಗುಳಿಯೊಳಗೆ ಬೆರಳಿಟ್ಟು, ಮೂಸಿ ನೋಡಿ, ನೆಟ್ಟಗೆ ನಿಂತು ನಕ್ಕರು. ಬಹಳ ದಿನದ ಮೇಲೆ ಬಂದ ನಗು.

"ನಮ್ ಗಾಣದ್ದೇ! ಹಂಗಾದ್ರೆ ತಪ್ಪು ನಿಂದು."

"ನಂದೇ."

"ಬೆಂಗ್ಳೂರಲ್ಲಿ ಗೋಡೆ ಕಡೆ ತಿರುಗ್ಕೊಂಡು ಏಳು ಸಲ ಹೇಳ್ದೋಳು, ಮೋರೆ ಮುಂದಿನ ಎಣ್ಣೆ ಕಾಣ್ಲಿಲ್ವಾ?"

"ಕಾಣ್ಲಿಲ್ಲ."

"ಅದಕ್ಕೇ ಕಣೇ ಹೇಳಿದ್ದು. ಈ ಕೈಯಲ್ಲಿ ಎತ್ತಿ ಇಳ್ಸೋ ಮಿಷಿನ್ನು ನಮ್ಮಂಥೋರಿಗಲ್ಲ. ದೊಡ್ಡದಾಗಿದ್ರೆ ಅದರ ಪಾಡಿಗೆ ಅದಿರ್ತಿತ್ತು, ತಟ್ಟೆ ಎತ್ತಕ್ಕೂ ಬತ್ತಿರ್ಲಿಲ್ಲ. ಕಾಗ್ದ ಸೋಮವಾರ ಹೋಗ್ಲಿ. ತಪ್ಪು ಮಾಡಿದೀನಿ ಅಂತ ನೀನೇ ಒಪ್ಕಂಡಿದೀಯ."

"ಒಪ್ಕಂಡಿದೀನಿ" ಎಂದರು ಶಿವರುದ್ರಮ್ಮ. ದನಿ ಏರಿಸಲಿಲ್ಲ. "ತಪ್ಪು ಮಾಡಿದ್ದು ನಾನು, ಮಿಷಿನ್ ಅಲ್ಲ. ವಾಪಸ್ ಕಳ್ಸೋದಾದ್ರೆ ನನ್ನ ಕಳ್ಸಿ. ಕಂದಿಕೆರೆ ಬಸ್ಸು ಹತ್ತೂವರೆಗೈತೆ. ಇದು ಮಾತ್ರ ಎಲ್ಲಿಗೂ ಹೋಗಲ್ಲ."

ವೀರಭದ್ರಯ್ಯನವರು ತಮಾಷೆಯೆಂದುಕೊಂಡು ಮತ್ತೆ ನಗಲು ಹೊರಟವರು ನಿಲ್ಲಿಸಿದರು. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಅವರ ಹೆಂಡತಿ ತವರಿನ ಬಸ್ಸಿನ ಹೊತ್ತನ್ನು ಬಾಯಲ್ಲಿ ಹೇಳಿದ್ದು ಅದೇ ಮೊದಲು.

ಸದಾಶಿವಯ್ಯ ಗಂಟಲು ಸರಿಮಾಡಿಕೊಂಡ. "ಅಣ್ಣ, ಅಟ್ಟದ ಮೇಲೆ ಇಪ್ಪತ್ತು ಸಾವಿರ ಕಾಯವೆ. ಇಳ್ಸೋದು ಮುಂದಿನ ವಾರ. ಅತ್ತಿಗೆ ಬಸ್ ಹತ್ತಿದ್ರೆ ಕಿವಿಗಿಟ್ಟು ನೋಡೋರ್ಯಾರು, ನೀನಾ?"

"ನೀನ್ ಸುಮ್ಕಿರ್ಲಾ" ಎಂದರು ಅಣ್ಣ.

ಆದರೆ ಸದಾಶಿವಯ್ಯ ಸುಮ್ಮನಿರಲಿಲ್ಲ. ಸ್ಕೂಟರಿನಿಂದ ಒಂದು ಲೋಟ ಪೆಟ್ರೋಲ್ ಇಳಿಸಿಕೊಂಡು ಬಂದು ಅತ್ತಿಗೆಯ ಮುಂದೆ ಇಟ್ಟ. ಹಳೆಯ ಸೀರೆಯ ಚೂರನ್ನು ಕಡ್ಡಿಗೆ ಸುತ್ತಿ, ಅದ್ದಿ, ಶಿವರುದ್ರಮ್ಮ ಆ ಗುಳಿಯನ್ನು ಮಧ್ಯಾಹ್ನದವರೆಗೂ ತೊಳೆದರು. ಕೊನೆಗೆ ಹೊಲಿಗೆ ಯಂತ್ರದ ಅಂಗಡಿಯಿಂದ ತಂದ ತೆಳು ಎಣ್ಣೆ ಎರಡು ತೊಟ್ಟು. ಎರಡೇ ತೊಟ್ಟು ಎಂದು ನಾನು ಹೇಳಿದೆ. ನನ್ನ ಭೌತಶಾಸ್ತ್ರ ಆ ರಿಪೇರಿಯಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟು.

ಭಾನುವಾರ ಬೆಳಗ್ಗೆ ಆರಕ್ಕೆ ಆ ಚಳಿಗಾಲದ ದಟ್ಟ ಮಂಜು. ಎಲ್ಲರೂ ಹಾಲಿನಲ್ಲಿದ್ದೆವು. ಸದಾಶಿವಯ್ಯ ಗಡಿಯಾರ ಬಿಚ್ಚಲು ಹೋದ.

"ಎಣಿಸ್ಬೇಡ. ಕೂತ್ಕೊಂಡು ಕೇಳು" ಎಂದರು ಶಿವರುದ್ರಮ್ಮ. ಗಂಡನಿಗೂ ಕುರ್ಚಿ ತೋರಿಸಿದರು. "ನೀವೂನೂವೆ. ಪೂರ್ತಿ ಕೇಳಿ. ನಿಧಾನ ಅನ್ಸಿದ್ರೆ ಹೇಳಿ, ಕಾಗ್ದಕ್ಕೆ ನಾನೇ ಸ್ಟಾಂಪು ಅಂಟಿಸ್ತೀನಿ."

ತೋಳನ್ನು ಕೈಯಿಂದ ಇಳಿಸಿದರು. ತಂಬೂರಿ ಶುರುವಾಯಿತು, ತನ್ನ ಶ್ರುತಿಯಲ್ಲಿ. ಕಂಠವೂ ತನ್ನ ಜಾಗದಲ್ಲಿತ್ತು. ಒಂಬತ್ತು ವರ್ಷ ಪ್ಲೇಟುಗಳ ಒಡೆಯರಾಗಿದ್ದ ವೀರಭದ್ರಯ್ಯನವರು ಒಂದು ಮಗ್ಗುಲನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದು ಆ ದಿನ. ಅವರಿಗೆ ಅದು ಇಷ್ಟವಾಯಿತೆಂದು ನಾನು ಬರೆಯುವುದಿಲ್ಲ. ಎರಡು ಸಲ ಆಕಳಿಸಿದರು, ಒಂದು ಸಲ ಗಡಿಯಾರ ನೋಡಿದರು. ಆದರೆ ನಿಧಾನ ಎನ್ನಲಿಲ್ಲ. ಶಿವರುದ್ರಮ್ಮ ಎದ್ದು ಹೋಗಿ ತೋಳು ತೆಗೆದು, ಮುಳ್ಳಿನ ತುದಿಗೆ ಬೆರಳು ತಾಗಿಸಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ.

"ಬರ್ಕೊಳ್ಳಿ" ಎಂದರು ಗಂಡನಿಗೆ.

"ಏನ?"

"ಅಂಗಡಿಗೆ ಕಾಗ್ದ. ನಾಳೆ ಟಪಾಲಿಗೆ ಏನಾದ್ರೂ ಹೋಗ್ಬೇಕಲ್ಲ. ಎರಡು ಬೆಲ್ಟು, ಒಂದು ಮುಳ್ಳು, ವಿ.ಪಿ. ಅಂಚೆಯಲ್ಲಿ ಕಳಿಸತಕ್ಕದ್ದು ಅಂತ ಬರೀರಿ. ಇನ್ನು ಹತ್ತು ವರ್ಷ ಅಲ್ಲಿಗೆ ಹೋಗೋ ಕೆಲ್ಸ ಇರ್ಬಾರ್ದು."

ಆ ಮನೆಯ ವ್ಯವಹಾರದ ಕಾಗದಗಳೆಲ್ಲ ವೀರಭದ್ರಯ್ಯನವರ ಕೈಬರಹದಲ್ಲೇ ಹೋಗುತ್ತಿದ್ದವು. ಅವರು ಕನ್ನಡಕ ಏರಿಸಿ, ಹಳೆಯ ಪತ್ರವನ್ನು ಮಡಿಸಿ ಪಕ್ಕಕ್ಕಿಟ್ಟು, ಹೊಸ ಹಾಳೆ ತೆಗೆದು, ಮಾನ್ಯರೇ ಎಂದು ಬರೆದರು. ಬೆಲ್ಟು, ಮುಳ್ಳು ಎಲ್ಲ ಬರೆದ ಮೇಲೆ ಲೇಖನಿ ನಿಂತಿತು.

"ಯಾವ ಮಿಷಿನ್ದು ಅಂತ ಬರೀಲಿ? ರಸೀದಿ ನಂಬರು ಹಾಕಿದ್ರೆ ಸಾಕಲ್ವಾ?"

"ಸಾಲ್ದು. ಅಲ್ಲಿ ಮೂರಿದ್ವು. ತಪ್ಪಿ ಬೇರೇದು ಕಳಿಸ್ತಾರೆ. ನಡುವಿನ ಬೆಲೆಯದು ಅಂತ ಬರೀರಿ."

"ಮಂಡಿ ಹೆಸರಿರೋ ಕಾಗ್ದದ ಮೇಲಾ?"

"ಮಂಡಿ ಹೆಸರಿರೋ ಕಾಗ್ದದ ಮೇಲೇ. ದಪ್ಪಕ್ಷರದಲ್ಲಿ ಬರೀರಿ, ಕಾಣ್ಬೇಕು."

ವೀರಭದ್ರಯ್ಯನವರು ಬರೆದರು. ಶಿವರುದ್ರಮ್ಮ ಹಾಳೆಯನ್ನು ತೆಗೆದುಕೊಂಡು ಓದಿ, ಅಕ್ಷರ ಇನ್ನೂ ಸಣ್ಣದಾಯಿತೆಂದು, ಆ ಮಾತಿನ ಕೆಳಗೆ ಗಂಡನ ಕೈಯಿಂದಲೇ ಅಡ್ಡಗೆರೆ ಎಳೆಸಿದರು.